ಒಂದು ಚುನಾವಣೆ, ಮೂರು ಪ್ರಶ್ನೆ

ಕಾಲೇಜಿನಲ್ಲಿ ನನ್ನ ಜೊತೆ ಓದಿದ ಇಬ್ಬರು ಗೆಳೆಯರು ಈಗ ಅಮೆರಿಕದಲ್ಲಿದ್ದಾರೆ. ಒಬ್ಬ ನ್ಯೂಜೆರ್ಸಿಯಲ್ಲಿ, ಇನ್ನೊಬ್ಬ ಡಲ್ಲಾಸ್‌ನಲ್ಲಿ. ಇಬ್ಬರಿಗೂ ಅಲ್ಲಿನ ಪೌರತ್ವ ಸಿಕ್ಕಿದೆ, ವೋಟೂ ಇದೆ. ಊರಿಗೆ ಬಂದಾಗ ಮೂವರೂ ಒಟ್ಟಿಗೆ ಕೂತರೆ ಕ್ರಿಕೆಟ್ಟು, ಮಕ್ಕಳ ಓದು, ಸೈಟಿನ ರೇಟು ಎಲ್ಲ ಸರಾಗವಾಗಿ ಸಾಗುತ್ತದೆ. 2016ರ ಅಧ್ಯಕ್ಷೀಯ ಚುನಾವಣೆಯ ಮಾತು ಬಂತೋ, ಕಾಫಿ ತಣ್ಣಗಾಗುವವರೆಗೂ ಜಗಳ.

"ರಷ್ಯಾದವರು ಗೆಲ್ಲಿಸಿದ್ದು ಕಣೋ ಅವನನ್ನ" ಅಂತ ಒಬ್ಬ.

"ಸೋತವರು ಕಟ್ಟಿದ ಕತೆ ಮಾರಾಯ ಅದು. ಮುಲ್ಲರ್ ತನಿಖೆಯಲ್ಲಿ ಏನು ಸಿಕ್ತು ಹೇಳು?" ಅಂತ ಇನ್ನೊಬ್ಬ.

ಇವರ ವಾದ ವರ್ಷಗಟ್ಟಲೆ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಇವರಿಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿಲ್ಲ. ಇಲ್ಲಿರುವುದು ಮೂರು ಪ್ರಶ್ನೆ. ರಷ್ಯಾ ಆ ಚುನಾವಣೆಯಲ್ಲಿ ಕೈಯಾಡಿಸಿತೇ? ಅದರಿಂದ ಫಲಿತಾಂಶ ಬದಲಾಯಿತೇ? ಟ್ರಂಪ್ ಕಡೆಯವರು ಅದರಲ್ಲಿ ಷಾಮೀಲಾಗಿದ್ದರೇ? ಒಂದಕ್ಕೆ "ಹೌದು" ಅಂದವರು ಮೂರಕ್ಕೂ "ಹೌದು" ಅನ್ನುತ್ತಾರೆ, ಒಂದಕ್ಕೆ "ಇಲ್ಲ" ಅಂದವರು ಮೂರಕ್ಕೂ "ಇಲ್ಲ" ಅನ್ನುತ್ತಾರೆ. ಮೂರನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಉತ್ತರಗಳೂ ಬೇರೆ ಬೇರೆ.

ಮೊದಲನೆಯದನ್ನು ನೋಡೋಣ. ರಷ್ಯಾ ಕೈಯಾಡಿಸಿದ್ದು ನಿಜವೇ? ನಿಜ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ ಅಂತ ಒಂದು ಕಚೇರಿ ಇತ್ತು. ಅಲ್ಲಿ ಕೂತವರು ಅಮೆರಿಕನ್ನರ ವೇಷ ಹಾಕಿಕೊಂಡು ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ಬರೆಯುತ್ತಿದ್ದರು. 2016ರ ಮೇ ತಿಂಗಳಲ್ಲಿ ಹ್ಯೂಸ್ಟನ್ ನಗರದಲ್ಲಿ ಏನಾಯಿತು ನೋಡಿ. ಅಲ್ಲಿನ ಒಂದು ಇಸ್ಲಾಮಿಕ್ ಕೇಂದ್ರದ ಎದುರು ಟೆಕ್ಸಾಸ್ ಅಭಿಮಾನಿಗಳ ಹೆಸರಿನ ಒಂದು ಫೇಸ್‌ಬುಕ್ ಪುಟ ಪ್ರತಿಭಟನೆಗೆ ಕರೆ ಕೊಟ್ಟಿತು. ಮುಸ್ಲಿಮರ ಹೆಸರಿನ ಇನ್ನೊಂದು ಪುಟ ಅದೇ ದಿನ, ಅದೇ ಜಾಗಕ್ಕೆ ತನ್ನವರನ್ನು ಕರೆಯಿತು. ಎರಡೂ ಕಡೆ ಜನ ಬಂದರು, ರಸ್ತೆಯ ಆಚೆ ಈಚೆ ನಿಂತು ಕೂಗಾಡಿದರು. ಎರಡೂ ಪುಟಗಳನ್ನು ನಡೆಸುತ್ತಿದ್ದದ್ದು ಆ ಪೀಟರ್ಸ್‌ಬರ್ಗ್ ಕಚೇರಿಯೇ!

ಇನ್ನೊಂದು ಕಡೆ ರಷ್ಯಾದ ಸೇನಾ ಬೇಹುಗಾರಿಕೆ ಸಂಸ್ಥೆ ಜಿಆರ್‌ಯು. ಹಿಲರಿ ಕ್ಲಿಂಟನ್ ಪ್ರಚಾರದ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರಿಗೆ ಮಾರ್ಚ್‌ನಲ್ಲಿ ಗೂಗಲ್ ಕಳಿಸಿದಂತೆ ಕಾಣುವ ಒಂದು ನಕಲಿ ಎಚ್ಚರಿಕೆ ಬಂತು, ಪಾಸ್‌ವರ್ಡ್ ಬದಲಿಸಿ ಅಂತ. ಅಷ್ಟೇ, ಸಾವಿರಾರು ಮಿಂಚಂಚೆಗಳು ಕಳ್ಳರ ಕೈ ಸೇರಿದವು. ಡೆಮಾಕ್ರಟಿಕ್ ಪಕ್ಷದ ಕೇಂದ್ರ ಸಮಿತಿಯ ಪತ್ರಗಳೂ ಕಳುವಾದವು. ಅವು ಜುಲೈನಲ್ಲಿ, ಪೊಡೆಸ್ಟಾ ಪತ್ರಗಳು ಅಕ್ಟೋಬರ್ 7ರಿಂದ ವಿಕಿಲೀಕ್ಸ್‌ನಲ್ಲಿ ಹೊರಬಂದವು.

ಇದನ್ನು ಹೇಳಿದ್ದು ಡೆಮಾಕ್ರಟರು ಮಾತ್ರ ಅಲ್ಲ. ರಾಬರ್ಟ್ ಮುಲ್ಲರ್ 2018ರಲ್ಲಿ ಆ ಕಚೇರಿಗೆ ಸಂಬಂಧಿಸಿದ 13 ರಷ್ಯನ್ನರ ಮೇಲೆ ಫೆಬ್ರವರಿಯಲ್ಲೂ, ಜಿಆರ್‌ಯುವಿನ 12 ಅಧಿಕಾರಿಗಳ ಮೇಲೆ ಜುಲೈನಲ್ಲೂ ದೋಷಾರೋಪ ಹೊರಿಸಿದರು. ಆ ವ್ಯಕ್ತಿಗಳು ಯಾರೂ ಅಮೆರಿಕದ ಕೋರ್ಟಿಗೆ ಬಂದು ನಿಂತಿಲ್ಲ ಅನ್ನುವುದು ಬೇರೆ ಮಾತು. ರಿಪಬ್ಲಿಕನ್ನರೇ ಬಹುಮತದಲ್ಲಿದ್ದ ಸೆನೆಟ್ ಬೇಹುಗಾರಿಕಾ ಸಮಿತಿಯೂ ಐದು ಸಂಪುಟಗಳ ವರದಿಯಲ್ಲಿ ಹಸ್ತಕ್ಷೇಪ ನಡೆದಿದೆ ಎಂದೇ ಹೇಳಿತು. ಕೊನೆಗೆ ಆ ಕಚೇರಿಗೆ ದುಡ್ಡು ಹಾಕಿದ್ದ ಯೆವ್ಗೆನಿ ಪ್ರಿಗೋಜಿನ್ 2022ರ ನವೆಂಬರ್‌ನಲ್ಲಿ ತಾನೇ ಬಾಯಿಬಿಟ್ಟು ಒಪ್ಪಿಕೊಂಡ. ಕಳ್ಳನೇ ಕದ್ದೆ ಅಂದಮೇಲೆ ನನ್ನ ಡಲ್ಲಾಸ್ ಗೆಳೆಯ "ಕಟ್ಟುಕತೆ" ಅನ್ನುವುದು ಹೇಗೆ?

ಆದರೆ ನ್ಯೂಜೆರ್ಸಿಯವನೂ ಇಲ್ಲಿಗೇ ಬೀಗುವ ಹಾಗಿಲ್ಲ. ಎರಡನೇ ಪ್ರಶ್ನೆ ಇದೆಯಲ್ಲ, ಫಲಿತಾಂಶ ಬದಲಾಯಿತೇ?

ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರೂ ರಾಜ್ಯ ಸೇರಿ ಟ್ರಂಪ್ ಗೆದ್ದ ಅಂತರ ಸುಮಾರು 78 ಸಾವಿರ ಮತ. ಇಷ್ಟು ಸಣ್ಣ ಅಂತರವನ್ನು ಯಾವುದು ಬೇಕಾದರೂ ಆಚೀಚೆ ಮಾಡಬಹುದಿತ್ತು. ಎಫ್‌ಬಿಐ ಮುಖ್ಯಸ್ಥರು ಚುನಾವಣೆಗೆ ಹನ್ನೊಂದು ದಿನ ಮುಂಚೆ ಬರೆದ ಪತ್ರ, ಹಿಲರಿ ವಿಸ್ಕಾನ್ಸಿನ್‌ಗೆ ಪ್ರಚಾರಕ್ಕೇ ಹೋಗದೆ ಇದ್ದದ್ದು, ಕಾರ್ಖಾನೆ ಮುಚ್ಚಿದ ಊರುಗಳ ಸಿಟ್ಟು... ಇವುಗಳ ನಡುವೆ ರಷ್ಯಾದ ಪಾಲು ಎಷ್ಟು ಅಂತ ಯಾವ ತಕ್ಕಡಿಯಲ್ಲಿ ತೂಗುವುದು? ಮತಯಂತ್ರ ತಿರುಚಿದ್ದಕ್ಕೆ, ಮತ ಬದಲಿಸಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ ಅಂತ ಸೆನೆಟ್ ಸಮಿತಿ ಸ್ಪಷ್ಟವಾಗಿ ಹೇಳಿದೆ.

ಫೇಸ್‌ಬುಕ್ ಸಂಸ್ಥೆಯೇ 2017ರಲ್ಲಿ ಅಮೆರಿಕದ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಆ ಕಚೇರಿಯ ಬರಹಗಳು 12.6 ಕೋಟಿ ಅಮೆರಿಕನ್ನರ ಕಣ್ಣಿಗೆ ಬಿದ್ದಿರಬಹುದು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಕಣ್ಣಿಗೆ ಬೀಳುವುದು ಬೇರೆ, ಮನಸ್ಸು ಬದಲಾಗುವುದು ಬೇರೆ. 2023ರಲ್ಲಿ ನೇಚರ್ ಕಮ್ಯುನಿಕೇಶನ್ಸ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಟ್ವಿಟರ್ ಬಳಕೆದಾರರನ್ನು ಪರಿಶೀಲಿಸಿತು. ಆ ರಷ್ಯನ್ ಬರಹಗಳಲ್ಲಿ ಶೇ. 70ರಷ್ಟನ್ನು ಕಂಡಿದ್ದು ಶೇ. 1ರಷ್ಟು ಜನ ಮಾತ್ರ, ಅವರಲ್ಲೂ ಹೆಚ್ಚಿನವರು ಕಟ್ಟಾ ರಿಪಬ್ಲಿಕನ್ನರು. ಅಭಿಪ್ರಾಯವಾಗಲಿ, ಮತವಾಗಲಿ ಬದಲಾದದ್ದು ಅಳತೆಗೆ ಸಿಗಲಿಲ್ಲ. ಇದು ಟ್ವಿಟರ್‌ಗೆ ಮಾತ್ರ ಸೀಮಿತವಾದ ಲೆಕ್ಕ, ಕದ್ದ ಪತ್ರಗಳಿಗೆ ಅನ್ವಯಿಸುವುದಿಲ್ಲ. ಆ ಪತ್ರಗಳು ಕೊನೆಯ ವಾರಗಳ ಸುದ್ದಿಯ ದಿಕ್ಕನ್ನೇ ಬದಲಿಸಿದವು, ಅದು ಟ್ರಂಪ್‌ಗೆ ನೆರವಾಗಿರುವ ಸಂಭವ ಹೆಚ್ಚು ಅಂತ ಕ್ಯಾಥ್ಲೀನ್ ಹಾಲ್ ಜೇಮಿಸನ್ 2018ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನನ್ನ ಉತ್ತರ ಇಷ್ಟೇ: ಗೊತ್ತಿಲ್ಲ, ಬಹುಶಃ ಯಾವತ್ತೂ ಗೊತ್ತಾಗುವುದಿಲ್ಲ.

ಮೂರನೆಯದು, ಷಾಮೀಲು. ಮುಲ್ಲರ್ ವರದಿ 2019ರ ಏಪ್ರಿಲ್‌ನಲ್ಲಿ ಹೊರಬಂತು, 448 ಪುಟ. ಟ್ರಂಪ್ ಪ್ರಚಾರದವರು ರಷ್ಯಾ ಸರಕಾರದ ಜೊತೆ ಒಳಸಂಚು ನಡೆಸಿದರು ಎಂಬುದನ್ನು ತನಿಖೆ ಸಾಬೀತುಪಡಿಸಲಿಲ್ಲ. ಅದೇ ವರದಿ, ರಷ್ಯಾದ ಕೆಲಸದಿಂದ ತಮಗೆ ಲಾಭವಾಗುತ್ತದೆ ಅಂತ ಆ ಪ್ರಚಾರದವರು ನಿರೀಕ್ಷಿಸಿದ್ದರು ಅಂತಲೂ ಹೇಳಿತು. ಹಿಲರಿಯ ಬಗ್ಗೆ ಮಾಹಿತಿ ಕೊಡುತ್ತಾರೆ ಅಂದಾಗ ಟ್ರಂಪ್ ಮಗ, ಅಳಿಯ, ಪ್ರಚಾರದ ಮುಖ್ಯಸ್ಥ ಮೂವರೂ 2016ರ ಜೂನ್ 9ರಂದು ಟ್ರಂಪ್ ಟವರ್‌ನಲ್ಲಿ ರಷ್ಯಾದ ವಕೀಲೆಯ ಜೊತೆ ಕೂತಿದ್ದರು. ಇತ್ತ ಹಿಲರಿ ಪಕ್ಷದ ದುಡ್ಡಿನಲ್ಲಿ ತಯಾರಾದ ಸ್ಟೀಲ್ ಕಡತದ ಗುರುತರ ಆರೋಪಗಳು ರುಜುವಾಗಲಿಲ್ಲ. ಕಾರ್ಟರ್ ಪೇಜ್ ಮೇಲೆ ಕಣ್ಗಾವಲಿಗೆ ಎಫ್‌ಬಿಐ ಸಲ್ಲಿಸಿದ ಅರ್ಜಿಗಳಲ್ಲಿ 17 ದೊಡ್ಡ ತಪ್ಪುಗಳಿದ್ದವು ಅಂತ 2019ರ ಡಿಸೆಂಬರ್‌ನಲ್ಲಿ ನ್ಯಾಯ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಬರೆದರು. ಕಳ್ಳಮಾಲು ಬಾಗಿಲಿಗೆ ಬಂದಾಗ ಒಬ್ಬರು ಬೇಡ ಅನ್ನಲಿಲ್ಲ. ಅವರೇ ಕಳ್ಳರು ಅಂತ ಕೂಗಿದವರು ಸಾಕ್ಷಿ ತರಲಿಲ್ಲ.

ಹೀಗೆ ಹೌದು, ಗೊತ್ತಿಲ್ಲ, ಸಾಬೀತಾಗಲಿಲ್ಲ ಅನ್ನುವ ಮೂರು ಉತ್ತರ. ಇಂಥ ಉತ್ತರ ಇಟ್ಟುಕೊಂಡು ಟೀವಿಯಲ್ಲಿ ಗದ್ದಲ ಎಬ್ಬಿಸಲಿಕ್ಕಾಗುವುದಿಲ್ಲ ನೋಡಿ. ಹಾಗಾಗಿ ಒಂದು ಕಡೆಯವರು "ಚುನಾವಣೆಯೇ ಕಳುವಾಯಿತು" ಅಂದರು, ಇನ್ನೊಂದು ಕಡೆಯವರು "ಏನೂ ನಡೆದೇ ಇಲ್ಲ" ಅಂದರು. ಹ್ಯೂಸ್ಟನ್ ರಸ್ತೆಯಲ್ಲಿ ಎದುರುಬದುರು ನಿಂತು ಕೂಗಾಡಿದರಲ್ಲ, ಅದನ್ನೇ ಇಡೀ ದೇಶ ವರ್ಷಗಟ್ಟಲೆ ಮಾಡಿತು. ಅದಕ್ಕೆ ಪೀಟರ್ಸ್‌ಬರ್ಗ್‌ನವರು ಒಂದು ಕಾಸೂ ಖರ್ಚು ಮಾಡಬೇಕಾಗಲಿಲ್ಲ.

ಸೋತವರು ಸೋಲು ಒಪ್ಪಿಕೊಳ್ಳುವುದೇ ಚುನಾವಣೆಯ ಜೀವಾಳ. ಹಿಲರಿ ಮರುದಿನವೇ ಸೋಲೊಪ್ಪಿದರು. 2020ರಲ್ಲಿ ಟ್ರಂಪ್ ಒಪ್ಪಲಿಲ್ಲ, 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ ಭವನಕ್ಕೇ ನುಗ್ಗಿದರು. ಇವೆರಡೂ ಒಂದೇ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಫಲಿತಾಂಶದ ಮೇಲಿನ ನಂಬಿಕೆ ಅಷ್ಟು ಹೊತ್ತಿಗಾಗಲೇ ಸವೆದಿತ್ತು ಅನ್ನುವುದನ್ನು ಮರೆಯಬಾರದು.

ಇಲ್ಲಿ ಕೆಲವರು ಕೇಳುತ್ತಾರೆ, "ಅಮೆರಿಕದವರಿಗೆ ಆಗಬೇಕಾದದ್ದೇ ಆಯ್ತು, ಅವರೇನು ಕಡಿಮೆ ಮಾಡಿದ್ದಾರಾ?" ಕಡಿಮೆಯೇನಲ್ಲ. 1964ರ ಚಿಲಿ ಅಧ್ಯಕ್ಷೀಯ ಚುನಾವಣೆಯಲ್ಲಿ ಎಡ್ವಾರ್ಡೊ ಫ್ರೇ ಗೆಲ್ಲಲಿ ಅಂತ ಸಿಐಎ 26 ಲಕ್ಷ ಡಾಲರ್ ಸುರಿಯಿತು, ಅವರ ಪ್ರಚಾರದ ಅರ್ಧಕ್ಕಿಂತ ಹೆಚ್ಚು ಖರ್ಚು ಅದೇ. ಇದು 1975ರಲ್ಲಿ ಸೆನೆಟ್‌ನ ಚರ್ಚ್ ಸಮಿತಿಯೇ ಹೊರಗೆಡವಿದ ಲೆಕ್ಕ. 1946ರಿಂದ 2000ದವರೆಗೆ ಅಮೆರಿಕ 81 ಚುನಾವಣೆಗಳಲ್ಲಿ, ಸೋವಿಯತ್ ಒಕ್ಕೂಟ ಮತ್ತು ರಷ್ಯಾ 36ರಲ್ಲಿ ಪಕ್ಷ ವಹಿಸಿದವು ಅಂತ ಡಾವ್ ಲೆವಿನ್ ಎಂಬ ವಿದ್ವಾಂಸರು ಎಣಿಸಿದ್ದಾರೆ. ಆದರೆ ಚಿಲಿಯ ಮತದಾರನಿಗೆ ಆದ ಅನ್ಯಾಯಕ್ಕೆ ವಿಸ್ಕಾನ್ಸಿನ್‌ನ ಮತದಾರ ಯಾಕೆ ದಂಡ ಕಟ್ಟಬೇಕು? ಇಬ್ಬರೂ ಒಂದೇ ಸಾಲಿನಲ್ಲಿ ನಿಂತವರು. ಅಲ್ಲಿ ತಪ್ಪಾದರೆ ಇಲ್ಲೂ ತಪ್ಪೇ.

ಹಾಗಾದರೆ ಮಾಡುವುದೇನು? ಯುರೋಪಿನ ಎರಡು ಉದಾಹರಣೆ ಕೊಡುತ್ತೇನೆ.

ರೊಮೇನಿಯಾದಲ್ಲಿ 2024ರ ನವೆಂಬರ್ 24ರಂದು ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತು. ಸಮೀಕ್ಷೆಗಳು ಲೆಕ್ಕಕ್ಕೇ ಹಿಡಿಯದಿದ್ದ ಕ್ಯಾಲಿನ್ ಜಾರ್ಜೆಸ್ಕು ಸುಮಾರು ಶೇ. 23 ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. ಪ್ರಚಾರಕ್ಕೆ ಒಂದು ಪೈಸೆಯೂ ಖರ್ಚಾಗಿಲ್ಲ ಅಂತ ಅವರು ಕೊಟ್ಟ ಲೆಕ್ಕ. ಟಿಕ್‌ಟಾಕ್ ತುಂಬ ಅವರೇ! ಸಾಂವಿಧಾನಿಕ ನ್ಯಾಯಾಲಯ ಡಿಸೆಂಬರ್ 2ಕ್ಕೆ ಮೊದಲ ಸುತ್ತು ಸರಿಯಾಗಿದೆ ಅಂದಿತು. 4ಕ್ಕೆ ಬೇಹುಗಾರಿಕೆ ದಾಖಲೆಗಳು ಹೊರಬಂದವು, ಸುಮಾರು 25 ಸಾವಿರ ಟಿಕ್‌ಟಾಕ್ ಖಾತೆಗಳು ಮತದಾನಕ್ಕೆ ಎರಡು ವಾರ ಮುಂಚೆ ಇದ್ದಕ್ಕಿದ್ದಂತೆ ಚುರುಕಾದವು ಅಂತ. 6ಕ್ಕೆ ಅದೇ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಹೊರದೇಶಗಳಲ್ಲಿದ್ದ ರೊಮೇನಿಯನ್ನರು ಅಷ್ಟು ಹೊತ್ತಿಗೆ ಎರಡನೇ ಸುತ್ತಿನ ಮತ ಹಾಕಲು ಶುರು ಮಾಡಿಯಾಗಿತ್ತು!

ರಷ್ಯಾದ ಕೈ ಅಲ್ಲಿ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಜನ ಹಾಕಿದ ಮತವನ್ನು ರದ್ದು ಮಾಡುವಷ್ಟು ಗಟ್ಟಿ ಪುರಾವೆ ಆ ದಿನ ಜನರ ಮುಂದೆ ಇರಲಿಲ್ಲ. ಟಿಕ್‌ಟಾಕ್‌ನ ಒಂದು ಪ್ರಚಾರಕ್ಕೆ ದುಡ್ಡು ಕೊಟ್ಟದ್ದು ಆಡಳಿತದಲ್ಲಿದ್ದ ಪಕ್ಷವೇ, ಅದರ ಲಾಭ ಹೋದದ್ದು ಜಾರ್ಜೆಸ್ಕುಗೆ ಅಂತ ಅಲ್ಲಿನ ತನಿಖಾ ಪತ್ರಕರ್ತರು ಆಮೇಲೆ ವರದಿ ಮಾಡಿದರು. 2025ರ ಮೇನಲ್ಲಿ ಮರುಚುನಾವಣೆ ನಡೆದು ನಿಕುಷೋರ್ ಡಾನ್ ಗೆದ್ದರು. ಜಾರ್ಜೆಸ್ಕು ಅವರಿಗೆ ಸ್ಪರ್ಧಿಸಲು ಬಿಡಲಿಲ್ಲ, ಅವರನ್ನು ಬೆಂಬಲಿಸಿದ್ದ ಜಾರ್ಜ್ ಸಿಮಿಯೋನ್‌ಗೆ ಎರಡನೇ ಸುತ್ತಿನಲ್ಲಿ ಶೇ. 46ಕ್ಕೂ ಹೆಚ್ಚು ಮತ ಬಿತ್ತು. ಅಷ್ಟು ಜನರಲ್ಲಿ ಎಷ್ಟೋ ಮಂದಿಯ ಪಾಲಿಗೆ ಚುನಾವಣೆಯಲ್ಲಿ ಕೈಯಾಡಿಸಿದ್ದು ತಮ್ಮದೇ ನ್ಯಾಯಾಲಯ. ಗೊತ್ತಿಲ್ಲದ ಎರಡನೇ ಪ್ರಶ್ನೆಗೆ ನ್ಯಾಯಾಲಯವೇ ಉತ್ತರ ಬರೆದುಬಿಟ್ಟರೆ ಆಗುವುದು ಹೀಗೆ.

ಫ್ರಾನ್ಸಿನದು ಬೇರೆ ಕತೆ. 2017ರ ಮೇ 5ರ ರಾತ್ರಿ, ಅಂತಿಮ ಮತದಾನಕ್ಕೆ ಎರಡು ದಿನ ಇರುವಾಗ, ಮ್ಯಾಕ್ರಾನ್ ಪ್ರಚಾರದ ಕದ್ದ ಪತ್ರಗಳು ರಾಶಿರಾಶಿಯಾಗಿ ಅಂತರಜಾಲಕ್ಕೆ ಬಂದವು. ತಮ್ಮ ಮೇಲೆ ಇಂಥ ದಾಳಿ ನಡೆಯುತ್ತಿದೆ ಅಂತ ಆ ಪ್ರಚಾರದವರು ಮೊದಲೇ ಹೇಳಿಕೊಂಡಿದ್ದರು. ಇವನ್ನು ಹರಡಬೇಡಿ ಅಂತ ಚುನಾವಣಾ ನಿಗಾ ಆಯೋಗ ಪತ್ರಿಕೆಗಳನ್ನು ಕೇಳಿತು. ಪರಿಶೀಲಿಸದೆ, ಅದೂ ಮತದಾನಕ್ಕೆ ಮುಂಚೆ, ಪ್ರಕಟಿಸುವುದಿಲ್ಲ ಅಂತ ಲ ಮೊಂದ್ ಪತ್ರಿಕೆ ಓದುಗರಿಗೆ ತಿಳಿಸಿತು. ಮತದಾನ ನಡೆಯಿತು, ಮ್ಯಾಕ್ರಾನ್ ಶೇ. 66 ಮತ ಪಡೆದು ಗೆದ್ದರು. ಯಾರ ವೋಟನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಅಂತರ ಅಷ್ಟು ದೊಡ್ಡದಿದ್ದದ್ದು ಅವರ ಅದೃಷ್ಟ ಅನ್ನಬಹುದು. ಆದರೆ ಕದ್ದ ಮಾಲು ಕೈಗೆ ಬಂದಾಗ ಒಂದು ಗಳಿಗೆ ತಡೆದದ್ದು ಅದೃಷ್ಟವಲ್ಲ, ತೀರ್ಮಾನ.

ನನ್ನ ವಾದ ಇಷ್ಟೇ. ಹೊರಗಿನವರು ಕೈಯಾಡಿಸುತ್ತಿದ್ದಾರೆ ಅಂತ ಗೊತ್ತಾದರೆ ಮತದಾನಕ್ಕೆ ಮುಂಚೆ, ಪುರಾವೆ ಸಮೇತ ಜನರಿಗೆ ಹೇಳಿ. ಯಾರ ದುಡ್ಡಿನ ಜಾಹೀರಾತು ಅಂತ ಹೆಸರು ಹಾಕಿಸಿ, ಕಾಗದದ ಮತಪತ್ರ ಇಟ್ಟುಕೊಂಡು ಎಣಿಕೆ ತಾಳೆ ನೋಡಿ. ಅಷ್ಟಾದ ಮೇಲೆ ತೀರ್ಮಾನವನ್ನು ಮತದಾರನಿಗೇ ಬಿಡಿ. ಅವನು ಮೋಸ ಹೋಗಬಹುದು, ನಿಜ. ಸ್ವದೇಶಿ ಸುಳ್ಳಿಗೆ ಅವನು ಮೋಸ ಹೋದಾಗ ನಾವು ಚುನಾವಣೆ ರದ್ದು ಮಾಡುತ್ತೇವೆಯೇ?

ಕಳೆದ ಸಲ ಗೆಳೆಯರು ಬಂದಾಗ ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಡಲ್ಲಾಸ್‌ನವನು ಮೊದಲನೆಯದಕ್ಕೆ "ಸರಿ, ಕೈಯಾಡಿಸಿದ್ರು ಅಂತಿಟ್ಕೋ" ಅಂದ. ನ್ಯೂಜೆರ್ಸಿಯವನು ಎರಡನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಗೊತ್ತಿಲ್ಲ ಕಣೋ" ಅಂದ. ಮೂರನೆಯದಕ್ಕೆ ಮತ್ತೆ ಜಗಳ ಶುರುವಾಯಿತು. ಇರಲಿ, ಮೂರರಲ್ಲಿ ಎರಡಾದರೂ ಇತ್ಯರ್ಥವಾಯಿತಲ್ಲ. ಕಾಫಿ ಮಾತ್ರ ಈ ಸಲವೂ ತಣ್ಣಗಾಗಿತ್ತು.