ಮುಡುಮಾಲಿನ ಕಲ್ಲು ಮೂರನೇ ತರಗತಿಗೆ ಬರಲಿ

ಕರ್ನಾಟಕದಲ್ಲಿ 2022ರಲ್ಲಿ ಪಠ್ಯಪುಸ್ತಕದ ಗಲಾಟೆ ಎದ್ದಾಗ ಒಂಬತ್ತನೇ ತರಗತಿಯ ಬಸವಣ್ಣನ ಪಾಠಕ್ಕೆ ಮಠಗಳಿಂದ ಆಕ್ಷೇಪ ಬಂತು. ದೇವನೂರ ಮಹಾದೇವ ತಮ್ಮ ಬರಹಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂತೆಗೆದುಕೊಂಡರು. ಮರುವರ್ಷ ಸರ್ಕಾರ ಬದಲಾಯಿತು, ಪಠ್ಯವೂ ಬದಲಾಯಿತು. ಇತ್ತ ತೆಲಂಗಾಣದಲ್ಲಿ 2014ರ ನಂತರ ಪ್ರತ್ಯೇಕ ರಾಜ್ಯದ ಹೋರಾಟ ಪುಸ್ತಕದೊಳಗೆ ಬಂತು. ಈ ಜಗ್ಗಾಟವೆಲ್ಲ ಹೆಚ್ಚಾಗಿ ದೊಡ್ಡ ತರಗತಿಗಳದ್ದು. ಎಂಟು ವರ್ಷದ ಮಗು ಸಮಾಜವನ್ನು ಮೊದಲ ಸಲ ಓದುವ ಪರಿಸರದ ಪುಸ್ತಕದಲ್ಲಿ ಏನಿದೆ ಎಂದು ಕೇಳಿದವರು ಕಡಿಮೆ. ತೆಲಂಗಾಣದ ಗಡಿಯ ಮಕ್ತಲ್ ಸೀಮೆಯಲ್ಲಿ ನಿಂತು ನಾನು ಅದನ್ನೇ ಕೇಳುತ್ತಿದ್ದೇನೆ.

ಇಲ್ಲಿನ ಕೃಷ್ಣಾ ಮಂಡಲದ ಮುಡುಮಾಲಿನಲ್ಲಿ ಆಳೆತ್ತರ ಮೀರಿದ ನಿಲುವುಗಲ್ಲುಗಳ ಸಾಲಿದೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ಜನ ನೆಟ್ಟದ್ದು. ಸೂರ್ಯನ ಚಲನೆಗೂ ಈ ಸಾಲುಗಳಿಗೂ ಸಂಬಂಧವಿದೆ ಎಂದು ಸಂಶೋಧಕರು ಹೇಳುತ್ತಾರೆ. ಒಂದು ಕಲ್ಲಿನ ಮೇಲಿನ ಕುಳಿಗಳಲ್ಲಿ ಸಪ್ತರ್ಷಿ ಮಂಡಲವನ್ನು ಗುರುತಿಸಿದ್ದಾರೆ. 2025ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಆ ಕಲ್ಲುಗಳ ಪಕ್ಕದಲ್ಲೇ ಬೆಳೆಯುವ ಮಗು ಇತಿಹಾಸವೆಂದರೆ ಎಲ್ಲೋ ದೂರದ ರಾಜನ ಹೆಸರು, ಇಸವಿ ಎಂದು ಬಾಯಿಪಾಠ ಮಾಡುವುದು ಅನ್ಯಾಯ. ಕಲ್ಲಿನ ನೆರಳು ಬೆಳಿಗ್ಗೆ ಎಲ್ಲಿ ಬೀಳುತ್ತದೆ, ಮಧ್ಯಾಹ್ನ ಎಲ್ಲಿ ಎಂದು ಗುರುತು ಹಾಕಿಸಿ. ಅದು ಮೂರನೇ ತರಗತಿಗೆ ಸಾಕಾಗುವಷ್ಟು ಇತಿಹಾಸ.

ಮನೆಯಲ್ಲಿ ಕನ್ನಡ ಆಡುವ ಗಡಿನಾಡಿನ ಮಕ್ಕಳಿಗೆ ಕರ್ನಾಟಕದ ಪುಸ್ತಕವನ್ನೇ ಕೊಡಿ ಎನ್ನುವ ಕನ್ನಡದ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರಲ್ಲಿ ಆಂಧ್ರಕ್ಕೆ ಸೇರಿದ ನೋವು ದೊಡ್ಡವರದು. ಅದನ್ನು ಮಕ್ಕಳ ತಲೆಗೆ ಕಟ್ಟಬಾರದು. ಹಾಗೆಯೇ ಹೈದರಾಬಾದಿನಲ್ಲಿ ಬರೆದ ಪುಸ್ತಕ ಈ ಹಳ್ಳಿಗಳ ಮನೆಮಾತನ್ನು ಮರೆತರೆ ಅದನ್ನೂ ಒಪ್ಪಲಾರೆ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ತೆಲಂಗಾಣದ 2018ರ ಕಾಯ್ದೆಯಿಂದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಯಿತು, ಒಳ್ಳೆಯದೇ. ಮಕ್ಕಳು ಕಲಿಯಲಿ. ಆದರೆ ತನ್ನ ಊರನ್ನು ಅರಿಯುವ ಪಾಠ ಮನೆಯ ಮಾತಿನಲ್ಲಿ ಶುರುವಾಗಬೇಕು.

ಊರನ್ನಷ್ಟೇ ಕಲಿಸಿದರೆ ಮಕ್ಕಳು ಬಾವಿಯ ಕಪ್ಪೆಗಳಾಗುತ್ತಾರೆ ಎಂಬ ಆಕ್ಷೇಪ ಕೇಳಿದ್ದೇನೆ. ಇಲ್ಲಿನ ನೆಲವೇ ಅದಕ್ಕೆ ಉತ್ತರ. ತಂಗಿಡಿಯ ಬಳಿ ಭೀಮೆ ಕೃಷ್ಣೆಯನ್ನು ಸೇರುತ್ತಾಳೆ. ಎರಡೂ ಹುಟ್ಟುವುದು ಮಹಾರಾಷ್ಟ್ರದಲ್ಲಿ. ಕರ್ನಾಟಕದ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಜೂರಾಲ ಅಣೆಕಟ್ಟಿನ ಗೇಟು ಎತ್ತಬೇಕಾಗುತ್ತದೆ. ಯಾಕೆ ಎಂದು ತಿಳಿದ ಮಗುವಿಗೆ ಮೂರು ರಾಜ್ಯಗಳ ಭೂಗೋಳ ಗೊತ್ತಾದಂತೆ. ಇತಿಹಾಸಕ್ಕೆ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ಗುಡಿಗಳು ಆಲಂಪುರದಲ್ಲಿವೆ. ನಾರಾಯಣಪೇಟೆ, ಗದ್ವಾಲಗಳ ಮಗ್ಗದಿಂದ ಸೀರೆ ಯಾರ ಕೈಗೆ, ಎಷ್ಟು ಬೆಲೆಗೆ ಹೋಗುತ್ತದೆ ಎಂದು ಲೆಕ್ಕ ಹಾಕಿಸಿದರೆ ಅರ್ಥಶಾಸ್ತ್ರವೂ ಬಂತು.

ಹತ್ತಿರದ ಪಾಠ ಸುಲಭದ್ದಲ್ಲ ಎಂಬುದೂ ನನಗೆ ಗೊತ್ತು. ಊರಿನ ನಕ್ಷೆ ಬರೆಯಲು ಹೇಳಿದರೆ ಯಾರ ಕೇರಿ ಊರಿನ ಯಾವ ಕೊನೆಗಿದೆ ಎಂಬುದು ಹಾಳೆಯ ಮೇಲೆ ಬರುತ್ತದೆ. ನಮ್ಮ ಈ ಪಾಲಮೂರು ಸೀಮೆಯ ಕೂಲಿಗಳು ದೇಶದ ಎಷ್ಟೋ ಅಣೆಕಟ್ಟು ಕಟ್ಟಿದವರು. ಅವರ ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ತರಗತಿಯಲ್ಲಿ ಜಾಗ ಖಾಲಿಯಾಗುತ್ತದೆ. ಚಿಕ್ಕವರಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಚಿಕ್ಕವರು ಇದನ್ನು ದಿನವೂ ನೋಡುತ್ತಿದ್ದಾರೆ. ನೋಡಿದ್ದರ ಬಗ್ಗೆ ಶಾಲೆ ಬಾಯಿ ಮುಚ್ಚಿಕೊಂಡರೆ ಅದು ಹಾಗೇ ಇರಬೇಕಾದದ್ದು ಎಂದು ಅವರು ತಿಳಿಯುತ್ತಾರೆ.

ತೆಲಂಗಾಣ ಸರ್ಕಾರ ಈಗಾಗಲೇ ತೆಲುಗು–ಇಂಗ್ಲಿಷ್ ಎದುರುಬದುರು ಪುಟಗಳ ಪುಸ್ತಕ ಅಚ್ಚು ಹಾಕುತ್ತಿದೆ. ಅದೇ ರೀತಿಯಲ್ಲಿ ನಾರಾಯಣಪೇಟೆ, ಗದ್ವಾಲ ಜಿಲ್ಲೆಗಳ ಗಡಿಯೂರುಗಳಿಗೆ ಕನ್ನಡ–ತೆಲುಗಿನ ಒಂದು ತೆಳ್ಳನೆಯ ಪುಸ್ತಕ ಬರಲಿ. ಬರೆಯುವ ಕೆಲಸ ಇಲ್ಲಿನ ಶಾಲೆಗಳ ಮೇಷ್ಟ್ರುಗಳಿಗೇ ಸಿಗಲಿ. ನೇಕಾರರು, ಮೀನುಗಾರರು, ಕೂಲಿ ಮಾಡಿ ಬಂದವರು ಅವರ ಪಕ್ಕದಲ್ಲಿ ಕೂರಲಿ. ಬರುವ ಜೂನಿನಲ್ಲಿ ಶಾಲೆ ತೆರೆಯುವ ಮೊದಲು ಎರಡೂ ಜಿಲ್ಲೆಗಳ ಶಿಕ್ಷಣಾಧಿಕಾರಿಗಳು ಇಷ್ಟನ್ನು ಆರಂಭಿಸಬಹುದು.