ಸೇವೆಗೆಂದು ನೇಪಾಳಕ್ಕೆ ಹೊರಡುವ ಮುನ್ನ

ಬೇಸಿಗೆ ರಜೆ ಹತ್ತಿರವಾದಂತೆ ಮಹಾನಗರದ ಕಾಲೇಜುಗಳ ಸೂಚನಾ ಫಲಕಗಳಲ್ಲಿ ಒಂದು ಬಗೆಯ ಆಹ್ವಾನ ಕಾಣಿಸಿಕೊಳ್ಳುತ್ತದೆ. ಎರಡು ವಾರ ನೇಪಾಳ ಪ್ರವಾಸ, ಬೆಳಗ್ಗೆ ಹಳ್ಳಿ ಶಾಲೆಯ ಹೆಣ್ಣುಮಕ್ಕಳಿಗೆ ಪಾಠ, ವಾರಾಂತ್ಯದಲ್ಲಿ ಚಾರಣ, ಕೊನೆಗೆ ಒಂದು ಪ್ರಮಾಣಪತ್ರ. ಮುಂಬಯಿ ಕನ್ನಡಿಗರ ಮಕ್ಕಳೂ ಇಂಥ ತಂಡಗಳಲ್ಲಿ ಹೊರಡುತ್ತಿದ್ದಾರೆ. ಒಂದು ಟ್ರಂಕು ಹಿಡಿದು ಊರು ಬಿಟ್ಟು ಬಂದವರ ಮೊಮ್ಮಕ್ಕಳು ಇನ್ನೊಂದು ದೇಶದ ಬಡ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಚಿಂತಿಸುವ ಮಟ್ಟಕ್ಕೆ ಬೆಳೆದಿರುವುದು ಸಂತೋಷದ ಸಂಗತಿ. ಸಂಘ-ಸಂಸ್ಥೆಗಳ ಯುವ ವಿಭಾಗಗಳು ಇದಕ್ಕೆ ಪ್ರೋತ್ಸಾಹ ನೀಡುವುದೂ ಶ್ಲಾಘನೀಯವೇ. ಆದರೆ ಸದುದ್ದೇಶವೊಂದಿದ್ದರೆ ಸಾಲದು. ಹೊರಗಿನಿಂದ ಬಂದವರ ಸೇವೆ ಯಾವಾಗ ಫಲ ಕೊಡುತ್ತದೆ, ಯಾವಾಗ ಮಕ್ಕಳಿಗೇ ಕೇಡಾಗುತ್ತದೆ ಎಂಬ ಎರಡಕ್ಕೂ ನೇಪಾಳದಲ್ಲೇ ಉದಾಹರಣೆಗಳಿವೆ. ಹೆಸರು ನೋಂದಾಯಿಸುವ ಮೊದಲು ಅವನ್ನು ತಿಳಿದಿರುವುದು ಒಳ್ಳೆಯದು.

ಇಲ್ಲಿ ಎಳ್ಳು-ಬೆಲ್ಲ ಹಂಚುವ ಮಕರ ಸಂಕ್ರಾಂತಿಯೇ ನೇಪಾಳದ ಬಯಲು ಸೀಮೆಯ ಥಾರೂ ಜನರಿಗೆ ಮಾಘಿ, ಅಂದರೆ ಹೊಸ ವರ್ಷ. ದಾಂಗ್, ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನಪುರ ಜಿಲ್ಲೆಗಳಲ್ಲಿ ಈ ಹಬ್ಬದ ಬೆನ್ನಿಗೇ ಒಂದು ವ್ಯಾಪಾರ ನಡೆಯುತ್ತಿತ್ತು. ಆರೇಳು ವರ್ಷ ತುಂಬಿದ ಹೆಣ್ಣುಮಕ್ಕಳನ್ನು ಕೆಲವು ಸಾವಿರ ರೂಪಾಯಿಗೆ ವರ್ಷದ ಒಪ್ಪಂದದ ಮೇಲೆ ಪರರ ಮನೆಗೆಲಸಕ್ಕೆ ಕಳುಹಿಸಲಾಗುತ್ತಿತ್ತು. ಹೀಗೆ ಹೋದವಳಿಗೆ ಕಮಲರಿ ಎಂದು ಹೆಸರು. ಮಗಳನ್ನು ಕಳುಹಿಸಿದ ತಾಯಿತಂದೆ ಕಟುಕರೇನಲ್ಲ. ಅವರಲ್ಲಿ ಹೆಚ್ಚಿನವರು ಭೂಮಿಯಿಲ್ಲದವರು, ಸಾಲದಲ್ಲಿ ಮುಳುಗಿದವರು. ಮನೆಯಲ್ಲಿ ಉಣ್ಣುವ ಒಂದು ಬಾಯಿ ಕಡಿಮೆಯಾಗುತ್ತದೆ, ಕೈಗೆ ಒಂದಿಷ್ಟು ಹಣ ಬರುತ್ತದೆ ಎಂಬುದಷ್ಟೇ ಅವರ ಲೆಕ್ಕ.

ಈ ಲೆಕ್ಕವನ್ನು ಸರಿಯಾಗಿ ಓದಿಕೊಂಡವರಲ್ಲಿ ಒಬ್ಬರು ಅಮೆರಿಕದ ಕ್ಯಾಲಿಫೋರ್ನಿಯಾದ ವಕೀಲೆ ಓಲ್ಗಾ ಮರ್ರೆ. 1984ರಲ್ಲಿ ಪ್ರವಾಸಿಯಾಗಿ ನೇಪಾಳಕ್ಕೆ ಬಂದಾಗ ಅವರಿಗೆ ಅರುವತ್ತರ ಹತ್ತಿರದ ವಯಸ್ಸು. ಅಲ್ಲಿನ ಮಕ್ಕಳನ್ನು ಕಂಡು ಮನಸೋತ ಅವರು 1990ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಇಂದು ಅದು ನೇಪಾಳ ಯೂತ್ ಫೌಂಡೇಶನ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 2000ದಲ್ಲಿ ದಾಂಗ್ ಜಿಲ್ಲೆಯ ಕಮಲರಿಯರ ವಿಷಯ ಕೈಗೆತ್ತಿಕೊಂಡಾಗ ಆ ಸಂಸ್ಥೆ ಹಳ್ಳಿಗರಿಗೆ ಉಪದೇಶ ಮಾಡಲಿಲ್ಲ. ಮಗಳನ್ನು ಮನೆಗೆ ಕರೆತಂದು ಶಾಲೆಗೆ ಕಳುಹಿಸುವ ಕುಟುಂಬಕ್ಕೆ ಒಂದು ಹಂದಿಮರಿ ಅಥವಾ ಆಡಿನ ಮರಿ ಕೊಟ್ಟಿತು. ಅದನ್ನು ಸಾಕಿ ಮಾರಿದರೆ ಮಗಳ ವರ್ಷದ ದುಡಿಮೆಯಿಂದ ಬರುತ್ತಿದ್ದಷ್ಟು ಹಣ ಕೈಸೇರುತ್ತಿತ್ತು. ಜೊತೆಗೆ ಹುಡುಗಿಯ ಶಾಲಾ ಖರ್ಚು, ರಾತ್ರಿ ಓದಲು ಸೀಮೆಎಣ್ಣೆಯ ದೀಪ. ಸಂಸ್ಥೆಯ ಲೆಕ್ಕದಂತೆ ಹೀಗೆ ಮನೆಗೆ ಮರಳಿದವರು 12 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು.

ಆ ಮಕ್ಕಳನ್ನು ಯಾವುದೇ ಆಶ್ರಮಕ್ಕೆ ಸೇರಿಸಲಿಲ್ಲ. ಅವರವರ ಮನೆಗೇ ಕರೆತರಲಾಯಿತು ಎಂಬುದು ಇಲ್ಲಿ ಗಮನಿಸಬೇಕಾದ ಮುಖ್ಯ ಮಾತು. ಹಳ್ಳಿ ಹಳ್ಳಿ ತಿರುಗಿದವರು ನೇಪಾಳಿ ಕಾರ್ಯಕರ್ತರು. ಬೀದಿ ನಾಟಕ ಆಡಿ ಜನರ ಮನವೊಲಿಸಿದವರು ಬಿಡುಗಡೆಯಾದ ಹುಡುಗಿಯರೇ. 2013ರಲ್ಲಿ ಕಮಲರಿಯಾಗಿದ್ದ 12 ವರ್ಷದ ಬಾಲೆಯೊಬ್ಬಳ ಸಾವಿನ ನಂತರ ಬೀದಿಗಿಳಿದು ಪೊಲೀಸರ ಪೆಟ್ಟು ತಿಂದವರೂ ಅವರೇ. ಆ ಹೋರಾಟಕ್ಕೆ ಮಣಿದ ಸರಕಾರ ಅದೇ ವರ್ಷ ಪದ್ಧತಿ ರದ್ದಾಯಿತೆಂದು ಘೋಷಿಸಿತು. ಬಾಲ್ಯದಲ್ಲಿ ಕಮಲರಿಯಾಗಿದ್ದ ಶಾಂತಾ ಚೌಧರಿ 2008ರಲ್ಲೇ ನೇಪಾಳದ ಸಂವಿಧಾನ ಸಭೆಯ ಸದಸ್ಯೆಯಾಗಿದ್ದರು. ಓಲ್ಗಾ ಮರ್ರೆ 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಈ ಸೇವೆಗೆ ಕೊಟ್ಟದ್ದು ಎರಡು ವಾರವಲ್ಲ, ಸುಮಾರು ನಾಲ್ಕು ದಶಕ.

ಇನ್ನು ನಾಣ್ಯದ ಮತ್ತೊಂದು ಮುಖ. ನೇಪಾಳದ ಅನಾಥಾಲಯಗಳಲ್ಲಿರುವ ಮಕ್ಕಳ ಪೈಕಿ ಶೇ. 85ಕ್ಕೂ ಹೆಚ್ಚು ಮಂದಿಗೆ ತಂದೆ ಅಥವಾ ತಾಯಿ, ಕನಿಷ್ಠ ಒಬ್ಬರಾದರೂ ಇದ್ದಾರೆ ಎಂದು ಯುನಿಸೆಫ್ ಹೇಳಿತ್ತು. ಅಂಥ ಅನಾಥಾಲಯಗಳಲ್ಲಿ ಹೆಚ್ಚಿನವು ಇರುವುದು ಬಡತನ ಹೆಚ್ಚಿರುವ ದೂರದ ಬೆಟ್ಟದ ಜಿಲ್ಲೆಗಳಲ್ಲಲ್ಲ, ವಿದೇಶಿ ಪ್ರವಾಸಿಗರು ಬರುವ ಕಾಠ್ಮಂಡು, ಪೊಖರಾ ಮೊದಲಾದ ಕಡೆ. ಕಾರಣ ಊಹಿಸುವುದು ಕಷ್ಟವಲ್ಲ. ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ದಲ್ಲಾಳಿಗಳು ಹಳ್ಳಿಯಿಂದ ಮಕ್ಕಳನ್ನು ತರುತ್ತಾರೆ. ಕಾಗದಪತ್ರಗಳಲ್ಲಿ ಅವರು ಅನಾಥರಾಗುತ್ತಾರೆ. ಕನಿಕರಪಟ್ಟು ಬಂದ ಸ್ವಯಂಸೇವಕರು ಹಣ ಕೊಡುತ್ತಾರೆ, ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಮರುವಾರ ಇನ್ನೊಂದು ತಂಡ. ದಾನಿಗಳು ಹೆಚ್ಚಿದಷ್ಟೂ ತಾಯಿಯ ಮಡಿಲಿಂದ ಬೇರ್ಪಡುವ ಮಕ್ಕಳು ಹೆಚ್ಚುತ್ತಾರೆ. 2015ರ ಏಪ್ರಿಲ್ 25ರ ಭೂಕಂಪದ ನಂತರ ಈ ವ್ಯವಹಾರ ಮತ್ತಷ್ಟು ಬೆಳೆದೀತೆಂಬ ಭಯದಿಂದ ಅನಾಥಾಲಯಗಳಲ್ಲಿ ಸ್ವಯಂಸೇವೆ ಬೇಡವೆಂದು ಯುನಿಸೆಫ್ ಬಹಿರಂಗವಾಗಿ ಎಚ್ಚರಿಸಿತ್ತು. ಅದಕ್ಕೆ ಹೋಲಿಸಿದರೆ ಎರಡು ವಾರದ ಪಾಠ ಸಣ್ಣ ತಪ್ಪು. ಆದರೂ ಪ್ರತಿ ಹೊಸ ತಂಡ ಇಂಗ್ಲಿಷ್ ವರ್ಣಮಾಲೆಯಿಂದಲೇ ಆರಂಭಿಸಿದರೆ, ಅಲ್ಲಿನ ಅಧ್ಯಾಪಕಿ ತನ್ನ ಪಾಠ ನಿಲ್ಲಿಸಿ ಗೋಡೆಗೊರಗಿ ನಿಂತಿದ್ದರೆ, ಕಲಿತವರು ಯಾರು?

ಹೆಣ್ಣುಮಕ್ಕಳ ವಿಷಯದಲ್ಲಿ ಹೊರಗಿನವರ ಅವಸರ ಇನ್ನೂ ಸೂಕ್ಷ್ಮ. ಪಶ್ಚಿಮ ನೇಪಾಳದಲ್ಲಿ ಮುಟ್ಟಾದವರನ್ನು ಹೊರಗಿನ ಗುಡಿಸಲಲ್ಲಿ ಮಲಗಿಸುವ ಛೌಪದಿ ಪದ್ಧತಿಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2005ರಲ್ಲೇ ನಿಷೇಧಿಸಿತು. 2017ರ ಕಾನೂನು ಇದಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 3 ಸಾವಿರ ರೂಪಾಯಿ ದಂಡ ವಿಧಿಸಿದೆ. ಆಡಳಿತ ಎಷ್ಟೋ ಗುಡಿಸಲುಗಳನ್ನು ಕೆಡವಿತು. ಆದರೆ ನಂಬಿಕೆ ಉಳಿದ ಕಡೆ ಗುಡಿಸಲು ಮತ್ತೆ ಎದ್ದಿತು. ಮುಟ್ಟಿನ ಮೈಲಿಗೆಯ ಪರಿಚಯ ಕರ್ನಾಟಕದವರಿಗೂ ಇಲ್ಲದಿಲ್ಲ. ಅಜ್ಜಿಯ ಮನಸ್ಸು ಬದಲಾಗಲು ಮನೆಯ ಸೊಸೆ, ಊರಿನ ಆರೋಗ್ಯ ಸ್ವಯಂಸೇವಕಿ, ಶಾಲೆಯ ಟೀಚರ್ ಬಾಯಿಂದ ಮಾತು ಬರಬೇಕು. ಭಾಷೆ ಬಾರದ ಅತಿಥಿಯ ಭಾಷಣದಿಂದ ಅದು ಆಗದು.

ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದ, ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳುಹಿಸುವ ವಿ.ಎಸ್.ಒ. ಸಂಸ್ಥೆ ಇದನ್ನು ಅರಿತುಕೊಂಡಂತಿದೆ. ನೇಪಾಳದಲ್ಲಿ ಅದು ನಡೆಸಿದ ‘ಸಿಸ್ಟರ್ಸ್ ಫಾರ್ ಸಿಸ್ಟರ್ಸ್’ ಯೋಜನೆಯ ಜೀವಾಳ ವಿದೇಶಿಯರಲ್ಲ, ಅದೇ ಊರಿನ ಅಕ್ಕಂದಿರು. ಶಾಲೆ ಮುಗಿಸಿದ ಯುವತಿಯೊಬ್ಬಳು ನೆರೆಯ ಕೆಲವು ತಂಗಿಯರ ಹೊಣೆ ಹೊರುತ್ತಾಳೆ. ತಂಗಿ ಎರಡು ದಿನ ಶಾಲೆಗೆ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುತ್ತಾಳೆ. ಮದುವೆಯ ಮಾತು ಬಂದರೆ ತಾಯಿತಂದೆಯ ಜೊತೆ ಕೂತು ಮಾತನಾಡುತ್ತಾಳೆ. ಹೊರಗಿನಿಂದ ಬಂದ ಅನುಭವಿಗಳ ಕೆಲಸ ಅಧ್ಯಾಪಕರಿಗೆ ಬೋಧನಾ ಕ್ರಮದ ತರಬೇತಿ ಕೊಡುವುದು, ಅಕ್ಕಂದಿರ ಬೆನ್ನಿಗೆ ನಿಲ್ಲುವುದು.

ಈ ತತ್ವ ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಹಗಲೆಲ್ಲ ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ರಾತ್ರಿ ಪುಸ್ತಕ ಹಿಡಿದು ಹೋಗುತ್ತಿದ್ದ ಕನ್ನಡ ರಾತ್ರಿಶಾಲೆಗಳು ಈ ನಗರದಲ್ಲಿ ಏನು ಮಾಡಿದವೆಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಪಾಠ ಹೇಳಿದವರಲ್ಲಿ ಅನೇಕರು ಹಗಲು ಕಚೇರಿ ಕೆಲಸ ಮುಗಿಸಿ ಬರುತ್ತಿದ್ದವರು, ಹುಡುಗರ ಮಾತು ಬಲ್ಲವರು, ನಾಳೆಯೂ ನಾಡಿದ್ದೂ ಬರುವವರು. ಅಂಥ ಹಲವು ಶಾಲೆಗಳು ಇಂದು ಮುಚ್ಚಿವೆ. ಆದರೆ ಅಲ್ಲಿ ಕಲಿತು ಬ್ಯಾಂಕ್ ಅಧಿಕಾರಿಗಳಾದವರು, ಲೆಕ್ಕ ಪರಿಶೋಧಕರಾದವರು, ವಕೀಲರಾದವರು ಇಂದು ಸಂಘಗಳ ವೇದಿಕೆಯ ಮೇಲಿದ್ದಾರೆ. ಎರಡು ವಾರಕ್ಕೊಬ್ಬ ಹೊಸ ಮಾಸ್ತರ ಬಂದು ಹೋಗುತ್ತಿದ್ದರೆ ಅವರು ಅಲ್ಲಿಗೆ ತಲುಪುತ್ತಿದ್ದರೆ?

ಹಾಗೆಂದು ಯಾರೂ ಹೋಗಬಾರದೆಂದು ಅರ್ಥವಲ್ಲ. ಹೋಗುವವರು, ಕಳುಹಿಸುವ ಪಾಲಕರು ಮತ್ತು ಸಂಘಗಳು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಈ ಕೆಲಸವನ್ನು ಬಯಸಿದವರು ಯಾರು, ಅಲ್ಲಿನ ಶಾಲೆಯೇ ಅಥವಾ ಇಲ್ಲಿನ ಪ್ರವಾಸಿ ಕಂಪನಿಯೇ? ಪಾವತಿಸುವ ಶುಲ್ಕದಲ್ಲಿ ಎಷ್ಟು ಪಾಲು ಹಳ್ಳಿಗೆ ತಲುಪುತ್ತದೆ? ಅಲ್ಲಿನವರು ಮಾಡಬಲ್ಲ ಕೆಲಸವನ್ನೇ ಇವರು ಮಾಡಲಿದ್ದಾರೆಯೇ? ಮಕ್ಕಳ ಬಳಿಗೆ ಬಿಡುವ ಮುನ್ನ ಸ್ವಯಂಸೇವಕರ ಪೂರ್ವಾಪರ ವಿಚಾರಿಸಲಾಗುತ್ತದೆಯೇ? ಭಾರತೀಯರಿಗೆ ನೇಪಾಳ ಪ್ರವೇಶಕ್ಕೆ ವೀಸಾ ಬೇಕಿಲ್ಲದ್ದರಿಂದ ಈ ಕೊನೆಯ ಪ್ರಶ್ನೆಗೆ ಹೆಚ್ಚು ಬೆಲೆಯಿದೆ. ಯಾರನ್ನೂ ವಿಚಾರಿಸದೆ ಮಕ್ಕಳ ನಡುವೆ ಬಿಡುವ ಸಂಸ್ಥೆಯಿಂದ ದೂರವಿರುವುದೇ ಲೇಸು. 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸ್ಥಾಪಿಸಿದ ಸ್ವಯಂಸೇವಕ ಯೋಜನೆ ತನ್ನ ಸ್ವಯಂಸೇವಕರಿಂದ ಶುಲ್ಕ ವಸೂಲು ಮಾಡುವುದಿಲ್ಲ. ಬದಲಾಗಿ ಜೀವನ ವೆಚ್ಚಕ್ಕೆ ಭತ್ಯೆ ಕೊಡುತ್ತದೆ, ಅರ್ಹತೆ ನೋಡಿ ಆರಿಸುತ್ತದೆ. ದಾರಿ ಸ್ವಲ್ಪ ಕಷ್ಟದ್ದಾದರೂ ಸರಿಯಾದದ್ದು.

ಯುವಕರಷ್ಟೇ ಹೋಗಬೇಕೆಂದೂ ಇಲ್ಲ. ಸಂಘಗಳಲ್ಲಿ ನಿವೃತ್ತ ಅಧ್ಯಾಪಕಿಯರಿದ್ದಾರೆ, ದಾದಿಯರಿದ್ದಾರೆ, ಬ್ಯಾಂಕ್ ಉದ್ಯೋಗಿಗಳಿದ್ದಾರೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆಯಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿ ಬಡವರಿಗೆ ಉಳಿತಾಯ ಕಲಿಸಿದ ನಾಡು ಕರಾವಳಿ. ಬಿಡುಗಡೆಯಾದ ಕಮಲರಿಯರು ಇಂದು ಸಹಕಾರಿ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಅಂಥವರಿಗೆ ಆರು ತಿಂಗಳು ಕೂತು ಲೆಕ್ಕಪತ್ರ ಕಲಿಸಿ ಬರುವ ಒಬ್ಬ ನಿವೃತ್ತ ಮ್ಯಾನೇಜರರು, ಇಪ್ಪತ್ತು ಮಂದಿಯ ಪ್ರವಾಸಿ ತಂಡಕ್ಕಿಂತ ಹೆಚ್ಚು ಉಪಕಾರ ಮಾಡಿಯಾರು.

ಕೊನೆಯದಾಗಿ, ನೇಪಾಳದ ಹೆಣ್ಣುಮಕ್ಕಳಿಗೂ ಮುಂಬಯಿಗೂ ಇರುವ ನಂಟು ಹಳೆಯದು, ಮತ್ತು ಹೆಮ್ಮೆಪಡುವಂಥದ್ದಲ್ಲ. 1996ರ ಫೆಬ್ರವರಿಯಲ್ಲಿ ಇಲ್ಲಿನ ವೇಶ್ಯಾಗೃಹಗಳ ಮೇಲೆ ದಾಳಿ ನಡೆಸಿ ಪೊಲೀಸರು ಬಿಡಿಸಿದವರಲ್ಲಿ ನೇಪಾಳದವರ ಸಂಖ್ಯೆ ದೊಡ್ಡದಿತ್ತು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಊರಿಗೆ ಕರೆದೊಯ್ದದ್ದು ನೇಪಾಳದ ಸ್ವಯಂಸೇವಾ ಸಂಸ್ಥೆಗಳು. ಅವುಗಳಲ್ಲಿ ಒಂದು, ಅನುರಾಧಾ ಕೊಯಿರಾಲಾ 1993ರಲ್ಲಿ ಕಟ್ಟಿದ ಮೈತಿ ನೇಪಾಳ. ಮೈತಿ ಎಂದರೆ ತವರುಮನೆ.

ಇಂದೂ ಕನ್ನಡಿಗರ ಹೊಟೇಲುಗಳ ಅಡುಗೆಮನೆಯಲ್ಲಿ ನೇಪಾಳಿ ಹುಡುಗರು ದುಡಿಯುತ್ತಿದ್ದಾರೆ. ವಸತಿ ಸಂಕೀರ್ಣಗಳ ಗೇಟಿನಲ್ಲಿ ನೇಪಾಳಿ ಕಾವಲುಗಾರರಿದ್ದಾರೆ. ಮೆಟ್ಟಿಲಡಿಯ ಒಂದು ಕೋಣೆಯಲ್ಲಿ ಅವರ ಸಂಸಾರವೂ ಇರುತ್ತದೆ, ತಮ್ಮನನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಉಳಿದ ಮಗಳೂ ಇರಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದೂ ಅದರಲ್ಲಿದೆ. ಇದು ಆ ಕಾವಲುಗಾರನಿಗೆ ಗೊತ್ತಿರಲಾರದು. ಸಂಘದ ಮಹಿಳಾ ವಿಭಾಗದವರಿಗೆ ಗೊತ್ತಿದೆ. ಆ ಹುಡುಗಿಯ ಕೈಹಿಡಿದು ಹತ್ತಿರದ ಮಹಾನಗರ ಪಾಲಿಕೆಯ ಶಾಲೆಗೆ ಸೇರಿಸಿ, ವರ್ಷವಿಡೀ ಅವಳು ಶಾಲೆಗೆ ಹೋಗುತ್ತಿದ್ದಾಳೆಯೇ ಎಂದು ವಿಚಾರಿಸುವ ಅಕ್ಕಂದಿರು ಪ್ರತಿ ಸಂಘದಲ್ಲೂ ಇಬ್ಬರು ಮೂವರು ಸಿಕ್ಕಾರು. ಈ ಕೆಲಸವನ್ನು ಒಂದು ವರ್ಷ ತಪ್ಪದೆ ಮಾಡಿದ ಯುವಕ ಯುವತಿಯರನ್ನು ಸಂಘಗಳು ಧೈರ್ಯವಾಗಿ ನೇಪಾಳಕ್ಕೆ ಕಳುಹಿಸಬಹುದು. ಅಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅಷ್ಟರಲ್ಲಿ ಅವರೇ ಕಲಿತಿರುತ್ತಾರೆ.