ಸೈಕಲ್ಲಿನ ಶಾಸ್ತ್ರವೂ ಪತ್ರಿಕೆಗಳ ಪ್ರಾಮಾಣ್ಯವೂ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ನಮ್ಮ ನೈಯಾಯಿಕರು ಒಪ್ಪಿರುವರು. ಇವುಗಳಲ್ಲಿ ಕೊನೆಯದೇ ಪತ್ರಿಕೆಗಳ ಬಂಡವಾಳ. ಎಲ್ಲವನ್ನೂ ತಾನೇ ನೋಡಿ ಅಳೆಯಲಾರದ ವಾಚಕನು ಅಚ್ಚಿನಲ್ಲಿ ಬಂದುದನ್ನು ನಂಬುವನು. ಆದರೆ ಶಬ್ದವು ಪ್ರಮಾಣವಾಗಬೇಕಾದರೆ ಅದನ್ನು ಆಡಿದವನು ಆಪ್ತನಾಗಿರಬೇಕು. ಆಪ್ತನೆಂದರೆ ವಸ್ತುವನ್ನು ತಾನು ಅರಿತು, ಅರಿತಂತೆಯೇ ಹೇಳುವವನು. ಸೈಕಲ್ಲಿನ ಯಂತ್ರವಿಷಯವನ್ನು ಬರೆಯುವ ಪತ್ರಿಕೆಗಳಲ್ಲಿ ಬಹುಪಾಲು ಈ ಆಪ್ತತ್ವವನ್ನು ಕಳೆದುಕೊಂಡಿರುವವೆಂಬುದೇ ನನ್ನ ಆಕ್ಷೇಪ.

ಸೈಕಲ್ಲಿನಂಥ ಅಲ್ಪ ವಸ್ತುವಿಗೆ ಇಷ್ಟು ತರ್ಕವೇಕೆಂದು ನಗುವವರು ನಮ್ಮ ಸೀಮೆಯನ್ನು ಅರಿಯರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಪಂದ್ಯಗಳಿಗೆ ಹೋದ ಸವಾರರು ಅನೇಕರು. ಮಗನ ಪಂದ್ಯದ ಸೈಕಲ್ಲಿಗಾಗಿ ಒಕ್ಕಲಿಗನು ಸಾಲ ಮಾಡುವ ಸೀಮೆಯಲ್ಲಿ ಒಂದು ತಪ್ಪು ವಾಕ್ಯಕ್ಕೂ ಬೆಲೆಯುಂಟು.

ಆ ಬೆಲೆ ತೆತ್ತವನೊಬ್ಬನನ್ನು ನಾನೇ ಬಲ್ಲೆ. ಜೈನಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, 28 ಅಂಗುಲದ ಗಾಲಿಗೆ 28 ಅಂಗುಲದ ಟಾಯರು ಯಾವುದಾದರೂ ಹೊಂದುವದೆಂದು ಮಾಸಪತ್ರಿಕೆಯೊಂದರಲ್ಲಿ ಓದಿ, ತಂದೆಯ ಹಳೆಯ ಸೈಕಲ್ಲಿಗೆಂದು ವಿಜಯಪುರದಿಂದ ಜೋಡಿ ಟಾಯರು ತಂದನು. ಸಂಜೆಯವರೆಗೆ ಹೆಣಗಿದರೂ ಅದು ರಿಮ್ಮನ್ನು ಏರಲಿಲ್ಲ. ಏರುವದೆಂತು? ಹಾಲಿನ ಕ್ಯಾನು ಹೊರುವ ನಮ್ಮ ಹಳೆಯ ಮಾದರಿಯ ಸೈಕಲ್ಲಿನಲ್ಲಿ 28×1½ ಟಾಯರು ಕೂಡುವ ಜಾಗದ ವ್ಯಾಸವು 635 ಮಿಲಿಮೀಟರು, ಎಂದರೆ ಸರಿಯಾಗಿ 25 ಅಂಗುಲ. 700ಸಿ ಎಂದು ಕರೆಯುವ ಇಂದಿನ ಗಾಲಿಯಲ್ಲಿ ಅದು 622 ಮಿಲಿಮೀಟರು. ಇದಕ್ಕೂ 28 ಎಂಬ ಹೆಸರುಂಟು! ಹೆಸರು ಒಂದೇ ಆದರೂ ನಡುವೆ 13 ಮಿಲಿಮೀಟರು ಅಂತರ. ಅಂಗಡಿಯವರು ಟಾಯರನ್ನು ಮರಳಿ ಕೊಳ್ಳಲಿಲ್ಲ. ಪತ್ರಿಕೆಗೆ ನಾನು ಎರಡು ಪತ್ರ ಬರೆದೆನು. ಉತ್ತರವೂ ಇಲ್ಲ, ಒಪ್ಪೋಲೆಯೂ ಇಲ್ಲ.

ಸಂಪಾದಕ ಮಹಾಶಯರ ಪೂರ್ವಪಕ್ಷವನ್ನು ಊಹಿಸಬಲ್ಲೆ. "ನಮ್ಮಲ್ಲಿ ಪ್ರಯೋಗಶಾಲೆಯಿಲ್ಲ, ಪ್ರಸಿದ್ಧ ಸವಾರರು ಹೇಳಿದುದನ್ನೇ ಬರೆಯುವೆವು" ಎನ್ನುವರು. ಎರಡೂ ನಿಲ್ಲದ ಮಾತುಗಳು.

ಪ್ರಯೋಗಶಾಲೆಯ ಮಾತನ್ನು ಮೊದಲು ನೋಡೋಣ. ಬಲಶಾಲಿಯಾದ ಸವಾರನು ತುಳಿದಂತೆ ಚೈನು ಹಿಗ್ಗಿ ಉದ್ದವಾಗುವದೆಂದು ಬರೆಯುವರು. ಉಕ್ಕಿನ ಪಟ್ಟಿಗಳು ಹಾಗೆ ಹಿಗ್ಗುವದಿಲ್ಲ. ಧೂಳು ಸೇರಿ ಕೀಲುಗಳ ಪಿನ್ನುಗಳು ಸವೆಯುವವು. ಪ್ರತಿ ಕೀಲಿನಲ್ಲಿಯೂ ಕೂದಲೆಳೆಯಷ್ಟು ಸಡಿಲು ಹುಟ್ಟಿ, ಎಲ್ಲ ಸೇರಿ ಚೈನು ಉದ್ದವಾಗುವದು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ. ಆದುದರಿಂದ 24 ಕೊಂಡಿಗಳಿಗೆ 12 ಅಂಗುಲ. ಅದು ಅಂಗುಲದ ಎಂಟನೆಯ ಒಂದು ಪಾಲು ಹೆಚ್ಚಿತೆಂದರೆ ಚೈನಿನ ಕಾಲ ತೀರಿತು. ಮುಂದೆ ಅದು ಹಲ್ಲಿನ ಚಕ್ರಗಳನ್ನೂ ತಿನ್ನುವದು. ಇದನ್ನು ಕಾಣಲು ಶಾಲೆಯ ಅಡಿಪಟ್ಟಿ ಸಾಕು. ಕಾರಣ ತಪ್ಪಾದರೆ ಉಪಾಯವೂ ತಪ್ಪುವದು: ಹಿಗ್ಗುವದೆಂದು ನಂಬಿದವನು ತುಳಿತಕ್ಕೆ ಹೆದರುವನು, ಸವೆಯುವದೆಂದು ತಿಳಿದವನು ಧೂಳನ್ನು ಒರೆಸಿ ಎಣ್ಣೆ ಹಾಕುವನು.

ಇನ್ನು ಪ್ರಸಿದ್ಧರ ಮಾತು. ಕಾಲಿನ ಬಲ ಬೇರೆ, ಕಾರಣದ ಅರಿವು ಬೇರೆ. ಅರಿವಿನಲ್ಲಿ ಪ್ರಸಿದ್ಧರಾದವರೂ ಪರೀಕ್ಷೆಗೆ ಹೊರತಲ್ಲ. ಭಾಸ್ಕರಾಚಾರ್ಯನಿಗಿಂತ ದೊಡ್ಡ ಹೆಸರು ಯಾವುದು? ಅವನ ವಿಜ್ಜಡವಿಡವು ನಮ್ಮ ವಿಜಯಪುರವೇ ಎಂದು ವಾದಿಸುವವರೂ ಉಂಟು. 1150ರ ಸಿದ್ಧಾಂತಶಿರೋಮಣಿಯಲ್ಲಿ ಅವನು, ಟೊಳ್ಳಾದ ಅರಗಳಲ್ಲಿ ಅರ್ಧ ಪಾದರಸ ತುಂಬಿದ ಚಕ್ರವು ತಾನಾಗಿಯೇ ತಿರುಗುತ್ತಿರುವದೆಂದು ಬರೆದನು. ಅಂಥ ಚಕ್ರ ತಿರುಗದು. ಅಷ್ಟು ದೊಡ್ಡ ಗಣಿತಜ್ಞನ ಮಾತನ್ನೇ ಚಕ್ರವು ಕೇಳಲಿಲ್ಲ. ಜಾಹೀರಾತಿನ ಮಗ್ಗುಲಲ್ಲಿ ಕುಳಿತು ಬರೆಯುವ ಅಂಕಣಕಾರನ ಮಾತನ್ನು ಕೇಳುವದೇ?

ಪರೀಕ್ಷೆಯೆಂದರೆ ಹೇಗಿರಬೇಕೆಂಬುದಕ್ಕೂ ಸೈಕಲ್ಲೇ ನಿದರ್ಶನ. ಗಾಲಿಗಳ ಭ್ರಮಣಬಲದಿಂದಲೇ ಸೈಕಲ್ಲು ಬೀಳದೆ ಓಡುವದೆಂದು ಪತ್ರಿಕೆಗಳು ಇಂದಿಗೂ ಬರೆಯುತ್ತಿರುವವು. ಇಂಗ್ಲೆಂಡಿನ ಡೇವಿಡ್ ಜೋನ್ಸನು ಮುಂಗಾಲಿಯ ಪಕ್ಕದಲ್ಲಿ ಹಿಮ್ಮುಖವಾಗಿ ತಿರುಗುವ ಇನ್ನೊಂದು ಗಾಲಿಯನ್ನು ಜೋಡಿಸಿ, ಆ ಬಲವನ್ನು ಅಳಿಸಿ, ಮೇಲೆ ತಾನೇ ಏರಿ ಹೋದನು, ಬೀಳಲಿಲ್ಲ. ಮುಂಗಾಲಿಯು ನೆಲ ಮುಟ್ಟುವ ಬಿಂದುವು ಹ್ಯಾಂಡಲಿನ ಅಕ್ಷರೇಖೆ ನೆಲ ಮುಟ್ಟುವ ಬಿಂದುವಿಗಿಂತ ಹಿಂದಿರುವದೇ ಮುಖ್ಯ ಕಾರಣವೆಂದು 1970ರಲ್ಲಿ ಪ್ರಕಟಿಸಿದನು. 2011ರಲ್ಲಿ ಐವರು ವಿದ್ವಾಂಸರು ಈ ಎರಡು ಕಾರಣಗಳೂ ಇಲ್ಲದ ಸಣ್ಣ ಸೈಕಲ್ಲೊಂದನ್ನು ಕಟ್ಟಿ, ಸವಾರನಿಲ್ಲದೆಯೇ ನೆಟ್ಟಗೆ ಓಡಿಸಿ, ಜೋನ್ಸನ ವಾದವೂ ಪೂರ್ಣವಲ್ಲವೆಂದು ತೋರಿಸಿದರು. ಇದರಿಂದ ಜೋನ್ಸನ ಮಾನ ಹೋಗಲಿಲ್ಲ. ತಾನು ಮಾಡಿದುದನ್ನು ಬಚ್ಚಿಡದೆ ಬರೆದವನನ್ನು ಮುಂದಿನವರು ತಿದ್ದಬಹುದು. ಬರಿದೆ ಹೇಳಿದವನನ್ನು ನಂಬಬೇಕು, ಇಲ್ಲವೆ ಬಿಡಬೇಕು.

ಆದುದರಿಂದ ಪತ್ರಿಕೆಗಳನ್ನು ನಾನು ಬೇಡುವದು ಮೂರೇ. ಅಳೆದು ಬರೆಯಿರಿ. ಹೇಗೆ ಅಳೆದಿರೆಂಬುದನ್ನೂ ಬರೆಯಿರಿ. ತಪ್ಪಿದರೆ, ತಪ್ಪು ಬಂದ ಪುಟದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಒಪ್ಪೋಲೆ ಹಾಕಿರಿ. ನಲವತ್ತು ಮಕ್ಕಳ ಮುಂದೆ ಕರಿಹಲಗೆಯ ಮೇಲಿನ ತನ್ನ ತಪ್ಪನ್ನು ಒರೆಸಿ ತಿದ್ದದ ಮಾಸ್ತರನಿಲ್ಲ. ಅದರಿಂದ ಅವನ ಮೇಲಿನ ಗೌರವವು ಕುಂದಿದುದನ್ನೂ ನಾನು ಕಾಣೆ. ಆ ಜೋಡಿ ಟಾಯರು ಇಂದಿಗೂ ನನ್ನ ವಿದ್ಯಾರ್ಥಿಯ ಮನೆಯ ಗೂಟಕ್ಕೆ ತೂಗುತ್ತಿರುವದು. ಒಪ್ಪೋಲೆ ಬರುವವರೆಗೆ ಅದನ್ನು ಇಳಿಸಬೇಡವೆಂದು ಅವನಿಗೆ ಹೇಳಿರುವೆನು.